ಇವರ ಜಾಕೆಟ್ಟಿನ ವಾಸನೆ

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನೀರು ಬೆರೆಸುತ್ತಾನೆಂದು ನಮ್ಮವ್ವ ಬರೀ ಬಾಯಲ್ಲಿ ಬೈದುಕೊಳ್ಳುತ್ತಿದ್ದರೆ, ನಾನು ಲಂಗ ಎತ್ತಿಕೊಂಡು ಓಡಿಹೋಗಿ ಅವನ ಕ್ಯಾನಿನೊಳಗೇ ಇಣುಕಿ ಬರುತ್ತಿದ್ದೆ. ಮದುವೆಯಾದ ಮೇಲೆ ಈ ಗುಣಕ್ಕೆ ಒಬ್ಬ ಕಾಯಂ ಗಿರಾಕಿ ಸಿಕ್ಕರು. ಇವರು, ಅಂದರೆ ನನ್ನ ಗಂಡ. ನಾನು ಗದಗಿನ ಕಡೆಯವಳು, ಇವರು ಮೈಸೂರಿನವರು. ನಾನು ಏನು ಕೇಳಿದರೂ "ಆಯ್ತು ಬಿಡು ಕಣೇ" ಎನ್ನುವ ಜಾಯಮಾನ ಇವರದು. ಅಂಥವರ ಮೇಲೆ ಅನುಮಾನ ಪಡುವುದೂ ಕಷ್ಟ, ಪಡದೆ ಇರುವುದು ಇನ್ನೂ ಕಷ್ಟ.

ಇವರಿಗೆ ಕೆಮ್ಮು ಹತ್ತಿದಾಗ ನಾವು ಅಮೆರಿಕದ ಸಿಯಾಟಲ್ ಪಕ್ಕದ ಕ್ರಾಸ್‌ರೋಡ್ಸ್‌ನ ಅಪಾರ್ಟ್‌ಮೆಂಟು ಬಿಟ್ಟು ಈಸ್ಟ್‌ಗೇಟ್‌ನ ಒಂದು ಹಳೇ ಬಾಡಿಗೆ ಮನೆಗೆ ಬಂದು ಕೆಲವು ವರ್ಷಗಳಾಗಿದ್ದವು. ಹೆದ್ದಾರಿಯ ಸದ್ದು ಹಗಲಿಡೀ ಕೇಳುತ್ತಿತ್ತು. ಇವರ ಸಾಫ್ಟ್‌ವೇರ್ ಆಫೀಸು ಅಲ್ಲೇ ಗುಡ್ಡ ಇಳಿದರೆ ಸಿಗುತ್ತಿತ್ತು. ಕೆಮ್ಮಿನಲ್ಲಿ ಕಫವಿಲ್ಲ, ಜ್ವರವಿಲ್ಲ. ಮಾತಿನ ನಡುವೆ ಒಣಗಿದ ಖೊಕ್ ಖೊಕ್ ಅಷ್ಟೇ. ಶುಂಠಿ ಕಷಾಯ ಕುಡಿಸಿದೆ, ಅರಿಶಿನದ ಹಾಲು ಕುಡಿಸಿದೆ. ಕುಡಿದು, ಲೋಟ ಕೆಳಗಿಟ್ಟು, ಮತ್ತೆ ಖೊಕ್ ಎಂದರು.

ಹಾಗಾದರೆ ಸಿಗರೇಟೇ ಎಂದು ತೀರ್ಮಾನಿಸಿದೆ. ಆಫೀಸಿನ ಹಿಂದೆ ನಿಂತು ಸೇದುವವರ ಗುಂಪೊಂದನ್ನು ಕಾರಿನಿಂದ ಕಣ್ಣಾರೆ ಕಂಡಿದ್ದೆ. ಆ ಗುಂಪಿನಲ್ಲಿ ಇವರಿರಲಿಲ್ಲ ಎಂಬುದೇ ನನಗೆ ಇನ್ನಷ್ಟು ಅನುಮಾನ ತಂದಿತು. ಇವರ ಹತ್ತಿರ ಒಂದು ನೀಲಿ ಜಾಕೆಟ್ಟಿತ್ತು. ಆಫೀಸಿಗೂ ಅದೇ, ಗ್ಯಾರೇಜಿಗೂ ಅದೇ. ಮನೆಗೆ ಬಂದು ಅದನ್ನು ಗೂಟಕ್ಕೆ ಹಾಕಿ ಬೆನ್ನು ತಿರುಗಿಸಿದ ಕೂಡಲೇ ನಾನು ಮೂಗು ಹಚ್ಚುತ್ತಿದ್ದೆ. ಕಾಲರು, ತೋಳು, ಜೇಬು, ಒಂದೂ ಬಿಡುತ್ತಿರಲಿಲ್ಲ. ಧೂಳು ಮೂಗಿಗೆ ಹೋಗಿ ಸೀನು ಬರುತ್ತಿತ್ತು. ಬಾಗಿಲು ತೆರೆದು ಪಟಪಟನೆ ಒದರಿ, ಧೂಳೆಲ್ಲ ಹೋದ ಮೇಲೆ ಸಮಾಧಾನವಾಗಿ ಮತ್ತೊಮ್ಮೆ ಮೂಸುತ್ತಿದ್ದೆ.

"ಸಿಕ್ತಾ?" ಎನ್ನುತ್ತಿದ್ದರು ಇವರು, ಒಳಗಿನಿಂದಲೇ.

"ಇವತ್ತ ಸಿಕ್ಕಿಲ್ರೀ. ಸಿಕ್ಕ ದಿನ ನಿಮಗ ಐತಿ."

"ಆಯ್ತು ಬಿಡು ಕಣೇ. ಸಿಕ್ಕಿದ್ರೆ ನಂಗೂ ಹೇಳು."

ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದ ಮಗಳು "ಮಾಮ್, ದಟ್ಸ್ ಸೋ ವಿಯರ್ಡ್" ಎಂದು ಹೇಳಿ ತನ್ನ ಕೋಣೆಗೆ ಹೋಗುತ್ತಿದ್ದಳು. ಇವಳಿಗೇನು ಗೊತ್ತು ಗಂಡಸರ ವಿಷಯ!

ಇನ್ನೊಂದು ವಿಷಯವೂ ನನ್ನ ತಲೆ ಕೊರೆಯುತ್ತಿತ್ತು. ಮಹಡಿ ಹತ್ತುವಾಗ ಇವರು ಮೆಟ್ಟಿಲ ನಡುವೆ ನಿಂತು ಫೋನು ನೋಡಲು ಶುರುಮಾಡಿದ್ದರು. ಕಂಬಿ ಹಿಡಿದುಕೊಂಡು ಫೋನಿನಲ್ಲಿ ಮುಳುಗಿ, ಆಮೇಲೆ ನಿಧಾನಕ್ಕೆ ಮೇಲೆ ಹೋಗುತ್ತಿದ್ದರು. ಯಾರದಪ್ಪಾ ಅಂಥಾ ಮೆಸೇಜು? ಒಂದು ದಿನ ಇವರು ಸ್ನಾನಕ್ಕೆ ಹೋದಾಗ ಫೋನು ತೆಗೆದು ನೋಡಿದೆ. ನಾಳೆಯ ಹವಾಮಾನ ಇತ್ತು. ಮಳೆ. ಸಿಯಾಟಲ್‌ನಲ್ಲಿ ನಾಳೆ ಮಳೆ ಬರುತ್ತದೆಂದು ತಿಳಿಯಲು ಮೆಟ್ಟಿಲ ಮೇಲೆ ನಿಲ್ಲಬೇಕಾ? ಇದರಲ್ಲೇನೋ ಇದೆ ಎಂದುಕೊಂಡೆ. ಇತ್ತು ಕೂಡ. ಅದು ಫೋನಿನಲ್ಲಿರಲಿಲ್ಲ.

ನನ್ನ ಅನುಮಾನ ಕಾಲಿಡದ ಒಂದೇ ಒಂದು ಜಾಗವೆಂದರೆ ನಮ್ಮ ಗ್ಯಾರೇಜು. ಅಲ್ಲಿ ಇವರು ಕಲ್ಲಿಗೆ ಮುಳ್ಳು ಹಾಕುತ್ತಿದ್ದರು. ನಮ್ಮ ಓಣಿಗಳಲ್ಲಿ ಉಳಿ, ಸುತ್ತಿಗೆ ಹಿಡಿದು, ಕಲ್ಲಿಗೆ ಮುಳ್ಳು ಹಾಕ್ತೀವ್ರೀ ಎಂದು ಕೂಗುತ್ತ ಬರುವವರಿದ್ದರಲ್ಲ, ಅದೇ ಕೆಲಸ. ರುಬ್ಬುವ ಕಲ್ಲು ಸವೆದು ನುಣ್ಣಗಾದರೆ ಹಿಟ್ಟು ಏಳುವುದಿಲ್ಲ. ಮೈಯನ್ನು ಕೊರೆದು ಮತ್ತೆ ತರಿತರಿ ಮಾಡಬೇಕು. ಇಲ್ಲಿಗೆ ಬರುವಾಗ ಎಲ್ಲರೂ ಬಟ್ಟೆ ಬಿಟ್ಟಾದರೂ ವೆಟ್ ಗ್ರೈಂಡರ್ ಹೊತ್ತು ತಂದಿರುತ್ತಾರೆ. ಕೆಲವು ವರ್ಷ ಇಡ್ಲಿ, ದೋಸೆ ಆದ ಮೇಲೆ ಎಲ್ಲರ ಕಲ್ಲೂ ಬೋಳು. ಹೊಸದು ತರಿಸೋಣವೆಂದರೆ ಗ್ರಾನೈಟಿನ ತೂಕಕ್ಕೆ ಯಾವ ಸೂಟ್‌ಕೇಸೂ ತಡೆಯುವುದಿಲ್ಲ. ಇವರು ಮೊದಲು ನಮ್ಮನೆಯ ಕಲ್ಲಿಗೆ ಉಳಿ ಹಿಡಿದರು. ಆ ವಾರದ ಇಡ್ಲಿ ಹತ್ತಿಯ ಹಾಗೆ ಬಂತು. ನಾನು ನಮ್ಮ ಹೆಂಗಸರ ಮೆಸೇಜ್ ಗುಂಪಿನಲ್ಲಿ ಫೋಟೋ ಹಾಕಿದೆ. ಮುಗಿಯಿತು! ಕನ್ನಡದವರು ಬಂದರು, ತಮಿಳರು ಬಂದರು, ತೆಲುಗಿನವರು ಬಂದರು. ಟಕ್ವಿಲಾ ಎಂಬ ಪಕ್ಕದೂರಿನ ಗೋದಾಮಿನಲ್ಲಿ ಕೆಲಸ ಮಾಡುವ ಒಬ್ಬರು ತಮ್ಮ ಕಲ್ಲನ್ನು ಕೂಸಿಗೆ ಹಾಕುವಂತೆ ಸೀಟ್‌ಬೆಲ್ಟ್ ಹಾಕಿ ಕೂರಿಸಿಕೊಂಡು ತಂದಿದ್ದರು.

ಉಳಿ ಸಾಲದಾಗಿ ಇವರು ಕಲ್ಲು ಕೊರೆಯುವ ಕರೆಂಟಿನ ಮಷೀನು ಕೊಂಡು ತಂದರು. ವಜ್ರದ ಬ್ಲೇಡಂತೆ. ಅದರ ಕಿರುಚಾಟಕ್ಕೆ ಪಕ್ಕದ ಮನೆಯ ಅಮೆರಿಕನ್ ಮುದುಕ ಬಂದು ದೂರಿದ. ನಮ್ಮನ್ನು ಓಡಿಸಲು ನೆವ ಹುಡುಕುತ್ತಿದ್ದಾನೆಂದು ನಾನು ಇವರಿಗೆ ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಮಾಡಲು ಹೇಳಿದೆ. ನೀರು ಹಾಕಿದರೆ ಶಾಕ್ ಹೊಡೆದೀತೆಂದು ಇವರು ಒಣಗಲ್ಲನ್ನೇ ಕೊರೆಯುತ್ತಿದ್ದರು. "ಮೂಗಿಗೇನರ ಕಟ್ಕೋರಿ" ಎಂದರೆ, "ಕರ್ಚೀಫ್ ಇದೆಯಲ್ಲ ಕಣೇ" ಎಂದು ತೋರಿಸುತ್ತಿದ್ದರು. ಆಯುಧಪೂಜೆಗೆ ಆ ಮಷೀನಿಗೂ ಕುಂಕುಮ ಹಚ್ಚಿ, ನನ್ನ ಗ್ರೈಂಡರಿನ ಕಲ್ಲಿಗೂ ಹೂವಿಟ್ಟು ಕೈಮುಗಿದಿದ್ದೆ. ಪೂಜೆ ಮಾಡಿದ ವಸ್ತುವಿನ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ?

"ಕೋಡಿಂಗ್ ಯಾರ್ ಬೇಕಾದ್ರೂ ಮಾಡ್ತಾರೆ ಕಣೇ. ಈ ಊರಲ್ಲಿ ಕಲ್ಲಿಗೆ ಮುಳ್ಳು ಹಾಕೋನು ನಾನೊಬ್ನೇ" ಎಂದು ಇವರು ಹೇಳಿಕೊಳ್ಳುವಾಗ ಮುಖ ಅರಳಿರುತ್ತಿತ್ತು. ನನಗೂ ಖುಷಿಯೇ. ಶನಿವಾರವಿಡೀ ಮನೆಯಲ್ಲೇ ಇರುತ್ತಾರೆ, ಕಣ್ಣಳತೆಯಲ್ಲಿ ಇರುತ್ತಾರೆ, ಸೇದಲು ಸಮಯವೇ ಸಿಗುವುದಿಲ್ಲ ಎಂದು ನಿಶ್ಚಿಂತೆಯಿಂದಿದ್ದೆ.

ಸಿಗರೇಟಿನ ಪುರಾವೆ ಸಿಗದೆ ನಾನು ಬೇರೆ ಆರೋಪಿಗಳನ್ನು ಹುಡುಕಿದೆ. ಬಟ್ಟೆ ಕಪಾಟಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಮನೆ ಮಾಲೀಕನಿಗೆ ಫೋನು ಮಾಡಿ ಜಗಳವಾಡಿದೆ. ಅವನು ಬಂದು ಬ್ಲೀಚ್ ಹೊಡೆದು ಹೋದ. ಕೆಮ್ಮು ಹೋಗಲಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಹೊಗೆ ಊರನ್ನೆಲ್ಲ ಮುಚ್ಚಿ ಸೂರ್ಯ ಕೆಂಪು ಬಿಲ್ಲೆಯಂತೆ ಕಂಡಾಗ, ಓಹೋ ಇದೇ ಎಂದುಕೊಂಡೆ. ಹೊಗೆ ಸರಿಯಿತು. ಕೆಮ್ಮು ಉಳಿಯಿತು. ಆಫೀಸಿನ ಕಾರ್ಪೆಟ್ಟನ್ನೂ ಬೈದೆ. ಕೊನೆಗೆ ಇವರ ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಸಡಿಲವಾದದ್ದು ಕಂಡೆ. ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ.

ಎಕ್ಸ್‌ರೇಯಲ್ಲಿ ಚುಕ್ಕೆಗಳಿದ್ದವು. ಸ್ಕ್ಯಾನಿನಲ್ಲಿ ಇನ್ನೂ ಹೆಚ್ಚು. ಶ್ವಾಸಕೋಶದ ಡಾಕ್ಟರು ಎತ್ತರದ, ನಿಧಾನವಾಗಿ ಮಾತಾಡುವ ಹೆಂಗಸು. "ನೀವು ಭಾರತದಲ್ಲಿ ಬೆಳೆದವರಾ?" ಎಂದು ಅವರು ಕೇಳಿದ ಕೂಡಲೇ ನನಗೆ ಮುಂದಿನ ಮಾತು ಗೊತ್ತಾಯಿತು. ಕ್ಷಯ. ನಮ್ಮ ಮುಖ ಕಂಡರೆ ಸಾಕು, ಈ ಡಾಕ್ಟರುಗಳಿಗೆ ಬೇರೆ ರೋಗ ಹೊಳೆಯುವುದೇ ಇಲ್ಲ! ರಕ್ತಪರೀಕ್ಷೆ ಪಾಸಿಟಿವ್ ಬಂತು. ಅದು ಕ್ರಿಮಿ ಎಂದೋ ಒಳಹೊಕ್ಕು ಮಲಗಿರುವುದಕ್ಕೂ ಬರುತ್ತದೆ, ಎದ್ದು ಕಾಡುತ್ತಿದೆಯೋ ಇಲ್ಲವೋ ಎಂದು ಕಫ ನೋಡಿದರೆ ತಿಳಿಯುತ್ತದೆ, ಅಲ್ಲಿಯವರೆಗೆ ಮನೆಯವರಿಂದ ದೂರವಿರಿ ಎಂದರು.

ದೂರ ಎಂದರೆ ಎಲ್ಲಿ? ಕೆಳಗೆ ಗ್ಯಾರೇಜಿಗೆ ಹೊಂದಿಕೊಂಡ ಒಂದು ಕೋಣೆಯಿತ್ತು. ಅಲ್ಲೇ ಹಾಸಿಗೆ ಹಾಕಿದೆ. ತಟ್ಟೆ, ಲೋಟ ಬೇರೆ ಮಾಡಿದೆ. ಮಗಳು ಬಾಗಿಲಾಚೆ ನಿಂತು "ಅಪ್ಪಾ, ಆರ್ ಯು ಓಕೆ?" ಎಂದು ಕೇಳುತ್ತಿದ್ದಳು. ಇವರು "ಸೂಪರ್ ಆಗಿದೀನಿ ಪುಟ್ಟಾ" ಎನ್ನುತ್ತಿದ್ದರು. ಆಮೇಲೆ ಗ್ಯಾರೇಜಿನಲ್ಲಿ ಮಷೀನು ಶುರುವಾಗುತ್ತಿತ್ತು. ಆ ಕೋಣೆಯಿಂದಲೇ ಆಫೀಸಿನ ಕೆಲಸ ಮುಗಿಸಿ ಬೇಸರ ಕಳೆಯಲು ಇವರಿಗೆ ಬೇರೇನಿತ್ತು? ಆ ಸದ್ದು ಕೇಳಿದರೆ ನನಗೆ ಧೈರ್ಯ. ಮನುಷ್ಯ ಕೆಲಸ ಮಾಡುತ್ತಿದ್ದಾರೆ, ಅಂದರೆ ಗಟ್ಟಿಯಾಗಿದ್ದಾರೆ. ಸದ್ದು ನಿಂತರೆ ಓಡಿಹೋಗಿ ಬಾಗಿಲು ಬಡಿಯುತ್ತಿದ್ದೆ.

ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಕ್ರಾಸ್‌ರೋಡ್ಸ್‌ನ ಗೆಳತಿಯೊಬ್ಬಳು, "ನಮ್ ಕಲ್ಲು ಅರ್ಜೆಂಟ್ ಇಲ್ಲ ಕಣೇ, ನಿಮ್ಮನೇಲೇ ಇರ್ಲಿ" ಎಂದು ಮೆಸೇಜು ಕಳಿಸಿದಳು. ವಾರ ವಾರ ಪೀಡಿಸುತ್ತಿದ್ದವಳಿಗೆ ಒಮ್ಮೆಲೇ ಅರ್ಜೆಂಟ್ ಇಲ್ಲವಂತೆ! ಯಾರು ಬಾಯಿ ಬಿಟ್ಟರು? ಮಗಳ ಶಾಲೆಯವರಾ, ಪಕ್ಕದ ಮುದುಕನಾ? ತಲೆ ಕೆಟ್ಟುಹೋಯಿತು. ಊರಲ್ಲಿದ್ದ ಅವ್ವನಿಗೆ ಫೋನಿನಲ್ಲಿ "ಎಲ್ಲಾ ಆರಾಮ ಅದೀವಿ" ಎಂದು ಹೇಳಿ ಇಟ್ಟು, ಅಡುಗೆಮನೆಯಲ್ಲಿ ನಿಂತು ಅತ್ತೆ. ಇವರಿಗೇನಾದರೂ ಆದರೆ ನಾನು ಬದುಕುವವಳಲ್ಲ ಎಂಬುದು ನನಗೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ಗೊತ್ತಾದದ್ದು ಅಲ್ಲಿ, ಸಿಂಕಿನ ಮುಂದೆ.

ಉಪ್ಪುನೀರಿನ ಹಬೆ ಕೊಟ್ಟು ಬರಿಸಿದ ಕಫದಲ್ಲಿ ಕ್ಷಯದ ಕ್ರಿಮಿ ಸಿಗಲಿಲ್ಲ. ಇವರು ಮೇಲೆ ಬಂದರು. ಈಗ ಡಾಕ್ಟರು ಇನ್ನೊಂದು ಹೆಸರು ಹೇಳಿದರು, ಸಾರ್ಕಾಯ್ಡ್. ಎರಡಕ್ಕೂ ಏನು ಸಂಬಂಧ ಎಂದು ನಾನು ಪಟ್ಟು ಹಿಡಿದಾಗ ಒಂದು ಹಾಳೆ ತೆಗೆದು ಚಿತ್ರ ಬರೆದು ತೋರಿಸಿದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನನ್ನ ತಲೆಯಲ್ಲಿ ಉಳಿದದ್ದು ಕನ್ನಡದಲ್ಲಿ. ನಮ್ಮ ಮೈಯೊಳಗೆ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳಿವೆ. ದೊಡ್ಡ ತಿನ್ನುಬಾಕ ಎಂದು ಅದರ ಅರ್ಥ. ಉಸಿರಿನ ಜೊತೆ ಒಳಬಂದ ಕಸ, ಕ್ರಿಮಿ, ಸತ್ತ ಕೋಶ ಎಲ್ಲವನ್ನೂ ನುಂಗಿ ಕರಗಿಸುವುದು ಅದರ ಕೆಲಸ. ಕರಗದ್ದು ಸಿಕ್ಕರೆ ತನ್ನ ಬಳಗವನ್ನೆಲ್ಲ ಕೂಗಿ ಕರೆಯುತ್ತದೆ; ಅವೆಲ್ಲ ಸುತ್ತುಗಟ್ಟಿ ನಿಂತು ಒಂದು ಗಂಟಾಗುತ್ತದೆ. ಕ್ಷಯದಲ್ಲಿ ಆ ಗಂಟಿನ ನಡುವೆ ಕ್ರಿಮಿಯಿರುತ್ತದೆ. ಸಾರ್ಕಾಯ್ಡ್‌ನಲ್ಲಿ ಯಾವ ಕ್ರಿಮಿಯೂ ಕಾಣದಿದ್ದರೂ ಸುತ್ತುಗಟ್ಟುತ್ತವೆ. ಯಾಕೆಂದು ಯಾರಿಗೂ ಸರಿಯಾಗಿ ತಿಳಿಯದು.

"ಅಂದರೆ ಸುಮ್ಮಸುಮ್ಮನೆ ಅನುಮಾನ ಪಡುತ್ತವೆ" ಎಂದೆ.

ಇವರು ನಕ್ಕುಬಿಟ್ಟರು, ನಕ್ಕು ಕೆಮ್ಮಿದರು. "ನಿನ್ ಸಂಬಂಧಿಕರು ಕಣೇ ಅವು" ಎಂದರು.

ಸಾರ್ಕಾಯ್ಡ್ ಆದರೆ ಆ ಕೋಶಗಳನ್ನು ಸುಮ್ಮನಾಗಿಸಲು ಸ್ಟೆರಾಯ್ಡ್ ಮಾತ್ರೆ ಬೇಕಾಗಬಹುದು ಎಂದರು ಡಾಕ್ಟರು. ಎಲ್ಲೋ ಮಲಗಿರುವ ಕ್ಷಯದ ಕ್ರಿಮಿ, ಕಾವಲುಗಾರ ಸುಮ್ಮನಾದ ಕೂಡಲೇ ಏಳುವುದಿಲ್ಲವೇ ಎಂದು ನಾನು ಕೇಳಿದೆ. ಹೌದು, ಅದಕ್ಕೇ ಮೊದಲು ಶ್ವಾಸಕೋಶದೊಳಗೆ ಕೊಳವೆ ಇಳಿಸಿ, ನೀರಿನಲ್ಲಿ ತೊಳೆದು ಆ ನೀರನ್ನೂ ಒಂದು ಚೂರು ಮಾಂಸವನ್ನೂ ತೆಗೆದು ನೋಡೋಣ ಎಂದರು. ಈ ಹೆಂಗಸು ನನ್ನ ಮಾತಿಗೆ ಇಷ್ಟು ಬೇಗ ಒಪ್ಪಿದ್ದು ಯಾಕೆ ಎಂದು ಅದಕ್ಕೂ ಅನುಮಾನಪಟ್ಟೆ.

ಫಲಿತಾಂಶ ಹೇಳಲು ಕರೆದ ದಿನ ಇವರು ಅದೇ ನೀಲಿ ಜಾಕೆಟ್ ಹಾಕಿಕೊಂಡು ಬಂದಿದ್ದರು. ಹೊರಡುವ ಮೊದಲು ನಾನು ಅದನ್ನು ಮೂಸಿದ್ದೆ, ಒದರಿದ್ದೆ. ಅಲ್ಲಿ ಅದನ್ನು ಕಳಚಿ ನನ್ನ ತೊಡೆಯ ಮೇಲೆ ಹಾಕಿ ಕೂತರು. ಡಾಕ್ಟರು ನೇರವಾಗಿ ಕೇಳಿದರು. "ನೀವು ಎಲ್ಲಾದರೂ ಕಲ್ಲಿನ ಕೆಲಸ ಮಾಡಿದ್ದೀರಾ? ಗಣಿ, ಕ್ವಾರಿ, ಕಟ್ಟಡ?"

"ನೋ. ಐ ರೈಟ್ ಕೋಡ್" ಎಂದರು ಇವರು.

ನನಗೆ ಸಿಟ್ಟು ನೆತ್ತಿಗೇರಿತು. ಭಾರತದವರೆಂದರೆ ರಸ್ತೆ ಬದಿ ಜಲ್ಲಿ ಒಡೆಯುವವರೆಂದು ತಿಳಿದಿದ್ದಾಳಾ ಇವಳು? "ನೋ! ನೆವರ್!" ಎಂದೆ, ಇವರಿಗಿಂತ ಗಟ್ಟಿಯಾಗಿ.

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ತೊಳೆದ ನೀರಿನಲ್ಲಿ ಸಿಕ್ಕ ಕೋಶಗಳಂತೆ. ದುಂಡಗೆ, ಉಬ್ಬಿಕೊಂಡು, ಹೊಟ್ಟೆ ತುಂಬ ಕಪ್ಪು ಕಾಳು. ಆಮೇಲೆ ಅದೇ ಚಿತ್ರವನ್ನು ಬೇರೆ ಬೆಳಕಿನಲ್ಲಿ ತೋರಿಸಿದರು. ಸುತ್ತ ಕತ್ತಲೆ, ಆ ಕಾಳುಗಳು ಮಾತ್ರ ಮಿಣಮಿಣ ಹೊಳೆಯುತ್ತಿದ್ದವು. "ಇದು ಕಲ್ಲು. ನಿಮ್ಮ ಕೋಶಗಳು ಕಲ್ಲು ತಿಂದಿವೆ. ಮಾಂಸದ ಚೂರಿನಲ್ಲೂ ಇದೇ ಇದೆ" ಎಂದರು.

ನಾನು ತೊಡೆಯ ಮೇಲಿನ ಜಾಕೆಟ್ಟನ್ನು ನೋಡಿದೆ. ಕಾಲರಿನ ಹೊಲಿಗೆಯ ಸಂದಿಯಲ್ಲಿ, ಎಷ್ಟು ಒದರಿದರೂ ಹೋಗದ ಬೂದು ಗೆರೆಯೊಂದು ಕೂತಿತ್ತು. ಬೆರಳಿನಿಂದ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದೆ. ಹೊಳೆಯಿತು. ಅಯ್ಯೋ ದೇವರೇ. ದಿನಾ ಕೈಯಲ್ಲಿ ಹಿಡಿದು, ಅಡ್ಡ ಬಂತೆಂದು ಒದರಿ ಚೆಲ್ಲಿದ್ದೆನಲ್ಲ ಇದನ್ನು! ಇದರ ಹಿಂದೆ ಸಿಗರೇಟಿನ ವಾಸನೆ ಅಡಗಿದೆಯೆಂದು ಹುಡುಕಿದೆನಲ್ಲ!

"ರೀ," ಎಂದೆ. ಬೆರಳನ್ನು ಇವರ ಮುಂದೆ ಹಿಡಿದೆ. "ರೀ, ಗ್ರೈಂಡರ್ ಕಲ್ಲು."

ಇವರು ನನ್ನ ಬೆರಳು ನೋಡಿ, ಜಾಕೆಟ್ ನೋಡಿದರು. ಡಾಕ್ಟರಿಗೆ ಇಡ್ಲಿಯಿಂದ ಶುರುಮಾಡಿ ಹೇಳಬೇಕಾಯಿತು. ಅಕ್ಕಿ ನೆನೆಸುವುದು, ಉದ್ದು ರುಬ್ಬುವುದು, ಕಲ್ಲು ಸವೆಯುವುದು, ಮುಳ್ಳು ಹಾಕುವುದು. ಅವರು ಪೆನ್ನು ಕೆಳಗಿಟ್ಟು ಕೇಳಿದರು.

"ಗ್ರಾನೈಟ್. ಒಣಗಿದ್ದು. ಮುಚ್ಚಿದ ಗ್ಯಾರೇಜಿನಲ್ಲಿ. ಎಷ್ಟು ವರ್ಷ?"

"ಈ ಮನೆಗೆ ಬಂದಾಗಿನಿಂದ" ಎಂದರು ಇವರು. ಆಮೇಲೆ ಮೆಲ್ಲಗೆ ಸೇರಿಸಿದರು, "ಕರ್ಚೀಫ್ ಕಟ್ಟಿಕೊಳ್ಳುತ್ತಿದ್ದೆ."

ಉಳಿದದ್ದನ್ನು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಕೋಶವು ಕಲ್ಲಿನ ಕಣವನ್ನು ನುಂಗುತ್ತದೆ, ಕರಗಿಸಲಾರದೆ ಸಾಯುತ್ತದೆ. ಸತ್ತಾಗ ಕಣ ಹೊರಬೀಳುತ್ತದೆ, ಇನ್ನೊಂದು ಕೋಶ ಬಂದು ಅದನ್ನೇ ನುಂಗುತ್ತದೆ. ಹೀಗೆ ನುಂಗಿ ಸತ್ತ ಕಡೆಯೆಲ್ಲ ಗಾಯವಾಗಿ, ಮಾಗಿ, ಶ್ವಾಸಕೋಶ ಅಷ್ಟಷ್ಟು ಗಟ್ಟಿಯಾಗುತ್ತದೆ. ಕಲ್ಲನ್ನು ಹೊರತೆಗೆಯುವ ಔಷಧ ಇಲ್ಲ. ಇವತ್ತಿನಿಂದಲೇ ಧೂಳು ನಿಲ್ಲಬೇಕು. ಕಾವಲು ಕೋಶಗಳು ಹೀಗೆ ಸಾಯುತ್ತಿದ್ದರೆ ಮಲಗಿದ ಕ್ಷಯ ಏಳುವ ಭಯ ಹೆಚ್ಚು, ಅದಕ್ಕೆ ಕೆಲವು ತಿಂಗಳು ಮಾತ್ರೆ. ಆಮೇಲೆ ಆಗಾಗ ಬಂದು ಉಸಿರು ಊದಿ ತೋರಿಸಬೇಕು.

"ಧೂಳು ನಿಲ್ಲಿಸಿದರೆ ವಾಸಿಯಾಗುತ್ತದೆಯೇ?" ಎಂದು ಕೇಳಿದೆ.

"ಇಲ್ಲಿಗೇ ನಿಲ್ಲಲಿ ಎಂದು ಆಸೆಪಡೋಣ" ಎಂದರು. ನಾನು ಅವರ ಕಣ್ಣನ್ನೇ ದಿಟ್ಟಿಸಿದೆ, ಏನಾದರೂ ಮುಚ್ಚಿಡುತ್ತಿದ್ದಾರೆಯೇ ಎಂದು. ಏನೂ ಮುಚ್ಚಿಟ್ಟಿರಲಿಲ್ಲ.

ಮನೆಗೆ ಬಂದು ಇವರನ್ನು ಅಂಗಳದಲ್ಲೇ ನಿಲ್ಲಿಸಿ, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿಕೊಂಡು ಗ್ಯಾರೇಜಿನ ದೊಡ್ಡ ಬಾಗಿಲು ತೆರೆದೆ. ಮಧ್ಯಾಹ್ನದ ಬಿಸಿಲು ಒಳಗೆ ಬಿತ್ತು. ಗೋಡೆಯ ಗುಂಟ ಊರವರ ಕಲ್ಲುಗಳು ಸಾಲಾಗಿ ಕೂತಿದ್ದವು. ಕಪಾಟಿನ ಮೇಲೆ, ಮಗಳ ಹಳೇ ಸೈಕಲ್ಲಿನ ಸೀಟಿನ ಮೇಲೆ, ಎಲ್ಲದರ ಮೇಲೂ ಬೂದು ಹಿಟ್ಟು. ಪೈಪು ತಂದು ಎಲ್ಲಕ್ಕೂ ನೀರು ಬಿಟ್ಟೆ. "ನಾನೂ ಹಿಡೀಲಾ?" ಎಂದು ಇವರು ಒಂದು ಹೆಜ್ಜೆ ಮುಂದಿಟ್ಟರು. "ಅಲ್ಲೇ ನಿಂದರ್ರಿ!" ಎಂದು ಕಿರುಚಿದೆ. ಪಕ್ಕದ ಮನೆಯ ಮುದುಕ ಬೇಲಿಯ ಮೇಲಿಂದ ನೋಡಿ, ತನ್ನ ಮನೆಯ ಉದ್ದನೆಯ ಪೈಪನ್ನು ತಂದು ಕೊಟ್ಟ.

ಕಲ್ಲುಗಳನ್ನು ಮನೆಮನೆಗೆ ಹಿಂದಿರುಗಿಸಿದೆ. ಕ್ರಾಸ್‌ರೋಡ್ಸ್‌ನ ಗೆಳತಿ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು. "ಹುಷಾರಿಲ್ಲ ಅಂತ ಗೊತ್ತಾಯ್ತು ಕಣೇ. ಅವ್ರಿಗೆ ತೊಂದ್ರೆ ಕೊಡೋದು ಬೇಡ ಅಂತ ಹಾಗಂದೆ" ಎಂದಳು. ಕ್ಷಯಕ್ಕೆ ಹೆದರಿದಳೆಂದು ನಾನು ಅಂದುಕೊಂಡಿದ್ದೆ. ಬೇರೆ ಮನೆಯವರು ಮಾತ್ರ "ಅಯ್ಯೋ, ಇನ್ನು ಯಾರ್ ಮಾಡ್ಕೊಡ್ತಾರೆ?" ಎಂದರು. ಯಾರೂ ಮಾಡಬೇಡಿ ಎಂದು ಎಲ್ಲರಿಗೂ ಹೇಳಿದೆ. ಮಷೀನನ್ನು ಯಾರಿಗೂ ಕೊಡದೆ ಕಸಕ್ಕೆ ಹಾಕಿದೆ. ನೀಲಿ ಜಾಕೆಟ್ಟನ್ನೂ ಎರಡು ಚೀಲಗಳಲ್ಲಿ ಸುತ್ತಿ ಹಾಕಿದೆ.

ಇವರಿಗೆ ಹೊಸ ಜಾಕೆಟ್ ತಂದೆ, ಕಂದು ಬಣ್ಣದ್ದು. ಮೊದಲ ದಿನ ಆಫೀಸಿನಿಂದ ಬಂದು ಗೂಟಕ್ಕೆ ಹಾಕಿ ಮಹಡಿ ಹತ್ತಲು ಹೋದರು. ನನ್ನ ಕೈ ತಾನಾಗಿಯೇ ಹೋಗಿ ಕಾಲರನ್ನು ಮೂಗಿಗೆ ಹಿಡಿಯಿತು. ಹೊಸ ಬಟ್ಟೆಯ ವಾಸನೆ, ಸ್ವಲ್ಪ ಮಳೆಯ ವಾಸನೆ. ಇನ್ನೊಮ್ಮೆ ಉಸಿರೆಳೆದು ಹುಡುಕಿದೆ. ಸಿಗರೇಟಿನ ವಾಸನೆ ಇರಲಪ್ಪಾ ಎಂದು ಬೇಡಿಕೊಂಡೆ. ಇದ್ದಿದ್ದರೆ ಬೈದು, ಅತ್ತು, ಊಟ ಬಿಟ್ಟು, ಹೇಗಾದರೂ ಮಾಡಿ ಬಿಡಿಸಿಬಿಡುತ್ತಿದ್ದೆ.

"ಸಿಕ್ತಾ?" ಎಂದರು ಇವರು.

ತಲೆಯೆತ್ತಿ ನೋಡಿದೆ. ಮೆಟ್ಟಿಲ ನಡುವೆ ನಿಂತಿದ್ದರು. ಕೈಯಲ್ಲಿ ಫೋನಿರಲಿಲ್ಲ. ಎರಡೂ ಕೈಗಳಿಂದ ಕಂಬಿ ಹಿಡಿದುಕೊಂಡಿದ್ದರು.

"ಇಲ್ರೀ" ಎಂದೆ. "ಏನೂ ಸಿಗಲಿಲ್ಲ."

"ಆಯ್ತು ಬಿಡು ಕಣೇ" ಎಂದು ಹೇಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವರು ಮೇಲಿನ ಮೆಟ್ಟಿಲಿಗೆ ಕಾಲಿಡುವವರೆಗೂ ನಾನು ಜಾಕೆಟ್ ಹಿಡಿದುಕೊಂಡು ಕೆಳಗೇ ನಿಂತಿದ್ದೆ.